ಜೀವ ಉಳಿಯಿತು, ಮುಂದೆ?

2025ರ ಡಿಸೆಂಬರ್. ಗೋವಾದಿಂದ ದೆಹಲಿಗೆ ಹಾರುತ್ತಿದ್ದ ವಿಮಾನದಲ್ಲಿ ಅಮೆರಿಕದ ಮಹಿಳೆಯೊಬ್ಬರು ಕುಸಿದರು. ನಾಡಿ ಸಿಗಲಿಲ್ಲ. ಅದೇ ವಿಮಾನದಲ್ಲಿ ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಇದ್ದರು. ರಾಜಕಾರಣಕ್ಕೆ ಬರೋ ಮೊದಲೇ ಅವರು ಡಾಕ್ಟರ್. ಎದ್ದು ಬಂದು ಸಿಪಿಆರ್ ಮಾಡಿದರು, ಅಂದರೆ ಎರಡೂ ಕೈಯಿಂದ ಎದೆ ಒತ್ತಿ ಒತ್ತಿ ನಿಂತ ರಕ್ತವನ್ನು ಓಡಿಸಿದರು. ಆ ಹೆಣ್ಣುಮಗಳಿಗೆ ಪ್ರಜ್ಞೆ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಕುಸಿದರು. ಮತ್ತೆ ಉಪಚಾರ. ದೆಹಲಿಯಲ್ಲಿ ವಿಮಾನ ಇಳಿದ ಕೂಡಲೇ ಆಂಬುಲೆನ್ಸ್, ಆಸ್ಪತ್ರೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಬಹಿರಂಗವಾಗಿ ಅಭಿನಂದಿಸಿದರು. ಖಾನಾಪುರದ ಜನ ಹೆಮ್ಮೆಪಟ್ಟರು, ಪಡಬೇಕಾದ್ದೇ.

ಆ ಮಹಿಳೆಗೆ ಏನಾಗಿತ್ತು ಅನ್ನೋದು ಅವರ ಖಾಸಗಿ ವಿಷಯ, ಅದನ್ನು ಅಲ್ಲಿಗೇ ಬಿಡೋಣ. ನನಗೆ ಆ ಸುದ್ದಿಯಲ್ಲಿ ಹಿಡಿದು ನಿಲ್ಲಿಸಿದ್ದು ಒಂದೇ ಪದ. ‘ಮತ್ತೆ’. ಮತ್ತೆ ಕುಸಿದರು. ನಾವು ಜೀವ ಉಳಿದ ಕಥೆಗೆ ಚಪ್ಪಾಳೆ ಹೊಡೆದು ಮುಂದಿನ ಸುದ್ದಿಗೆ ಹೋಗ್ತೇವೆ. ಆದರೆ ಹೃದಯ ಒಮ್ಮೆ ನಿಂತು ಮತ್ತೆ ಶುರುವಾದ ಮನುಷ್ಯನ ಮಟ್ಟಿಗೆ ನಿಜವಾದ ಪ್ರಶ್ನೆ ಅಲ್ಲಿಂದಲೇ ಆರಂಭ. ಇವತ್ತು ನಿಂತದ್ದು ನಾಳೆ ನಿಲ್ಲೋದಿಲ್ಲ ಅಂತ ಗ್ಯಾರಂಟಿ ಏನು? ನಾಳೆ ನಿಂತಾಗ ಪಕ್ಕದ ಸೀಟಲ್ಲಿ ಡಾಕ್ಟರ್ ಇರ್ತಾರಾ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಯಾರಾದರೂ ದಿಢೀರ್ ಬಿದ್ದು ಸತ್ತರೆ ನಮ್ಮಲ್ಲಿ ಎಲ್ಲರೂ ಹೇಳೋದು ‘ಹಾರ್ಟ್ ಅಟ್ಯಾಕ್’. ಎರಡು ಬೇರೆ ಬೇರೆ ಸಂಗತಿ ಅವು. ಮನೆಯ ಲೆಕ್ಕದಲ್ಲಿ ಹೇಳಬೇಕಂದರೆ ಹೃದಯಾಘಾತ ಅನ್ನೋದು ನೀರಿನ ಪೈಪ್ ಕಟ್ಟಿಕೊಂಡ ಹಾಗೆ. ರಕ್ತನಾಳ ಮುಚ್ಚಿತು, ಹೃದಯದ ಒಂದು ಭಾಗಕ್ಕೆ ರಕ್ತ ಹೋಗಲಿಲ್ಲ. ಎದೆನೋವು ಬರುತ್ತೆ, ಬೆವರು ಬರುತ್ತೆ, ಮನುಷ್ಯ ಮಾತಾಡ್ತಾ ಇರ್ತಾನೆ, ಆಸ್ಪತ್ರೆಗೆ ಹೋಗೋಕೆ ಸಮಯ ಇರುತ್ತೆ. ಹೃದಯ ಸ್ತಂಭನ ಅನ್ನೋದು ಕರೆಂಟಿನ ದೋಷ. ಹೃದಯದ ಕೆಳಗಿನ ಕೋಣೆಗಳು ಬಡಿಯೋದು ಬಿಟ್ಟು ಗಾಳಿಗೆ ಸಿಕ್ಕ ಎಲೆ ಥರ ಥರಥರ ನಡುಗೋಕೆ ಶುರುಮಾಡ್ತವೆ. ನಡುಗೋ ಹೃದಯ ರಕ್ತ ತಳ್ಳೋದಿಲ್ಲ. ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ. ಪೈಪ್ ಕಟ್ಟಿದ್ದರಿಂದ ಕರೆಂಟು ಕೆಡಬಹುದು. ಪೈಪ್ ಚೆನ್ನಾಗಿದ್ದೂ ಕರೆಂಟು ಕೆಡಬಹುದು. ಈ ಎರಡನೇ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಡುಗುತ್ತಿರುವ ಹೃದಯವನ್ನು ಸರಿದಾರಿಗೆ ತರೋಕೆ ನಂಬಬಹುದಾದ ಉಪಾಯ ಒಂದೇ, ಹೊರಗಿನಿಂದ ಒಂದು ಶಾಕ್. ಅದು ತಡವಾದ ಪ್ರತಿ ನಿಮಿಷಕ್ಕೆ ಬದುಕೋ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತೆ. ಯಾರಾದರೂ ಎದೆ ಒತ್ತುತ್ತಾ ಇದ್ದರೆ ಇಳಿಕೆ ನಿಧಾನ ಆಗುತ್ತೆ, ನಿಲ್ಲೋದಿಲ್ಲ.

ಈಗ ನಕ್ಷೆ ನೋಡಿ. ಖಾನಾಪುರದಿಂದ ಬೆಳಗಾವಿ ಹೆಚ್ಚುಕಡಿಮೆ 26 ಕಿಲೋಮೀಟರ್. ಅದು ಖಾನಾಪುರ ಪಟ್ಟಣದ ಲೆಕ್ಕ. ಭೀಮಗಡ ಕಾಡಿನ ಒಳಗಿರೋ ಊರುಗಳ ಲೆಕ್ಕ ಬೇರೆ. 2024ರ ಜುಲೈನಲ್ಲಿ ಆಮಗಾಂವದಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರೇ ಡೋಲಿ ಕಟ್ಟಿ, ಸುರಿಯೋ ಮಳೆಯಲ್ಲಿ, ಕಾಡಿನ ದಾರಿಯಲ್ಲಿ ಹೊತ್ತು ಆಂಬುಲೆನ್ಸ್ ಇದ್ದಲ್ಲಿಗೆ ತಂದ ದೃಶ್ಯ ನೀವೆಲ್ಲ ನೋಡಿದ್ದೀರಿ. ಹೃದಯ ನಿಂತವರಿಗೆ ಆ ದಾರಿ ಬಲು ದೂರ. ಹಾಗಾಗಿ ಈ ಸೀಮೆಯಲ್ಲಿ ಹೃದಯ ಸ್ತಂಭನ ಆಗಿ ಬದುಕಿ ಮನೆಗೆ ಬಂದವರು ಬೆರಳೆಣಿಕೆ. ಬೆರಳೆಣಿಕೆ ಅಂತಲೇ ಅವರ ಬಗ್ಗೆ ಯಾರೂ ಯೋಚನೆ ಮಾಡೋದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಂದಗಡದ ಒಬ್ಬ ಯಜಮಾನರು, ವಯಸ್ಸು 52. ಬೆಳಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದರು. ಪಕ್ಕದಲ್ಲಿ ಒಬ್ಬ ನರ್ಸ್ ಇದ್ದರು, ಎದೆ ಒತ್ತಿದರು. ಆಟೋದಲ್ಲಿ ಹಾಕಿ ಹತ್ತಿರದ ಆಸ್ಪತ್ರೆಗೆ ಒಯ್ದರು, ಅಲ್ಲಿ ಶಾಕ್ ಕೊಟ್ಟರು, ಹೃದಯ ಹತ್ತಿತು. ನಾಲ್ಕು ದಿನ ಐಸಿಯು, ಒಂದು ಆಂಜಿಯೋಗ್ರಾಮ್, ವಾರದ ಮೇಲೆ ಡಿಸ್ಚಾರ್ಜ್. ಮಗ ಊರಿಗೆ ಫೋನ್ ಮಾಡ್ತಾನೆ: ‘ಅಪ್ಪಾರು ಆರಾಮ ಅದಾರ್ರೀ, ಬ್ಲಾಕೇಜ್ ಏನೂ ಇಲ್ಲಂತ. ಗುಳಿಗಿ ಕೊಟ್ಟಾರ.’ ಮನೆಯವರು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊರ್ತಾರೆ. ಊರು ಪುನರ್ಜನ್ಮ ಅನ್ನುತ್ತೆ.

ಬ್ಲಾಕೇಜ್ ಏನೂ ಇಲ್ಲಂತ! ಅದನ್ನು ಕೇಳಿ ಮನೆಯವರಿಗೆ ಸಮಾಧಾನ. ಹೃದಯದ ಕರೆಂಟು ಗೊತ್ತಿರೋ ಡಾಕ್ಟರಿಗೆ ಅದೇ ಮಾತು ಚಿಂತೆ ಹುಟ್ಟಿಸೋದು. ಪೈಪ್ ಕಟ್ಟಿರಲಿಲ್ಲ ಅಂದ ಮೇಲೆ ಹೃದಯ ನಿಂತದ್ದು ಯಾಕೆ? ಕಾರಣ ಸಿಕ್ಕಿಲ್ಲ, ಅಂದರೆ ಕಾರಣ ಒಳಗೇ ಕೂತಿದೆ. ಆ ಯಜಮಾನರ ಕೈಯಲ್ಲಿರೋ ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಅದರಲ್ಲಿ ಬರೆದ ಒಂದು ಸಾಲು, ಮುಂದೆ ಇಂಥ ಪರೀಕ್ಷೆ ಮಾಡಿಸಿ ಅನ್ನೋ ಸಾಲು, ಯಾರ ಕಿವಿಗೂ ಬೀಳೋದಿಲ್ಲ.

ಇಂಥವರಿಗಾಗಿ ಇರೋ ಯಂತ್ರದ ಹೆಸರು ಐಸಿಡಿ. ಎದೆಯೊಳಗೇ ಕೂರಿಸೋ ಶಾಕ್ ಮಷಿನ್ ಅನ್ನಿ. ಜನ ಇದನ್ನೂ ಪೇಸ್‌ಮೇಕರ್ ಅಂತ ಕರೀತಾರೆ. ಪೇಸ್‌ಮೇಕರ್ ಇರೋದು ನಿಧಾನವಾದ ಹೃದಯವನ್ನು ತಟ್ಟಿ ಓಡಿಸೋಕೆ. ಐಸಿಡಿ ಆ ಕೆಲಸವನ್ನೂ ಮಾಡಬಲ್ಲದು, ಆದರೆ ಅದರ ಮುಖ್ಯ ಕೆಲಸ ಹುಚ್ಚೆದ್ದ ಹೃದಯವನ್ನು ಹಿಡಿದು ನಿಲ್ಲಿಸೋದು.

ಇದು ಹುಟ್ಟಿದ ಕಥೆ ಹೇಳಲೇಬೇಕು. ಮಿಶೆಲ್ ಮಿರೊವ್ಸ್ಕಿ ಅಂತ ಒಬ್ಬ ವೈದ್ಯ, ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಯಹೂದಿ, ಇಸ್ರೇಲಿನಲ್ಲಿ ಕೆಲಸ ಮಾಡ್ತಿದ್ದರು. ಅವರ ಹಿರಿಯ, ಗುರು ಸಮಾನ, ಹ್ಯಾರಿ ಹೆಲ್ಲರ್. ಹೆಲ್ಲರ್‌ಗೆ ಹೃದಯದ ಲಯ ತಪ್ಪೋ ಕಾಯಿಲೆ. ಎರಡೂ ಜನ ಹೃದಯದ ಡಾಕ್ಟರುಗಳೇ. ಮುಂದೆ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತಿತ್ತು. ಶಾಕ್ ಮಷಿನ್ ಇರೋ ಆಸ್ಪತ್ರೆಯಲ್ಲೇ ಜೀವನ ಪೂರ್ತಿ ಮಲಗಿರೋಕೆ ಆಗುತ್ತಾ? 1966ರಲ್ಲಿ ಹೆಲ್ಲರ್ ಮನೆಯವರ ಜೊತೆ ಊಟಕ್ಕೆ ಕೂತಾಗ ಕುಸಿದು ತೀರಿಕೊಂಡರು. ಮಿರೊವ್ಸ್ಕಿ ತಲೆಯಲ್ಲಿ ಒಂದೇ ಯೋಚನೆ ಕೂತುಬಿಟ್ಟಿತು: ಮನುಷ್ಯನನ್ನು ಮಷಿನ್ ಹತ್ತಿರ ಇಡೋಕೆ ಆಗದಿದ್ದರೆ ಮಷಿನ್ನನ್ನೇ ಮನುಷ್ಯನ ಒಳಗೆ ಇಡೋದು.

ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ ಕೆಲಸ ಶುರುಮಾಡಿದರು. ನಕ್ಕವರೇ ಹೆಚ್ಚು. ವಿರೋಧಿಸಿದವರಲ್ಲಿ ಬರ್ನಾರ್ಡ್ ಲೌನ್ ಕೂಡ ಇದ್ದರು, ಅಂದರೆ ಈಗಿನ ಆಸ್ಪತ್ರೆಗಳ ಶಾಕ್ ಮಷಿನ್ನಿಗೆ ರೂಪ ಕೊಟ್ಟವರೇ! ಮಿರೊವ್ಸ್ಕಿ ಒಂದು ನಾಯಿಗೆ ಯಂತ್ರ ಕೂರಿಸಿ ಸಿನಿಮಾ ತೆಗೆದರು. ನಾಯಿಯ ಹೃದಯವನ್ನು ಬೇಕಂತಲೇ ಕೆಡಿಸಿದಾಗ ಅದು ಬೀಳುತ್ತೆ, ಒಳಗಿನ ಯಂತ್ರ ಶಾಕ್ ಕೊಡುತ್ತೆ, ನಾಯಿ ಎದ್ದು ಬಾಲ ಅಲ್ಲಾಡಿಸುತ್ತೆ. ನೋಡಿದವರು ‘ನಾಯಿಗೆ ಬೀಳೋಕೆ ಟ್ರೈನಿಂಗ್ ಕೊಟ್ಟಿದ್ದೀರಿ’ ಅಂದರಂತೆ! ಆಮೇಲೆ ಇಸಿಜಿಯ ಗೆರೆಯನ್ನೂ ಸಿನಿಮಾದಲ್ಲಿ ಜೊತೆಗೇ ತೋರಿಸಬೇಕಾಯಿತು. 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆಗೆ ಅದನ್ನು ಅಳವಡಿಸಿದರು. ಆಗ ಕಾಲು ಕಿಲೋ ಹತ್ತಿರ ತೂಕ, ಎದೆ ತೆರೆದು ತಂತಿ ಹೊಲಿಯಬೇಕು, ಡಬ್ಬಿಯನ್ನು ಹೊಟ್ಟೆಯ ಚರ್ಮದಡಿ ಇಡಬೇಕು. 1985ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಮಿರೊವ್ಸ್ಕಿ ತೀರಿಕೊಂಡದ್ದು 1990ರಲ್ಲಿ, ಕ್ಯಾನ್ಸರ್‌ನಿಂದ.

ಈಗಿನದ್ದು ಅಂಗೈಯಲ್ಲಿ ಅಡಗುವ ಟೈಟಾನಿಯಂ ಡಬ್ಬಿ. ಸಾಮಾನ್ಯವಾಗಿ ಎಡಗಡೆ, ಕೊರಳ ಎಲುಬಿನ ಕೆಳಗೆ, ಚರ್ಮದಡಿಯಲ್ಲಿ ಕೂರಿಸ್ತಾರೆ. ಅಲ್ಲಿಂದ ಒಂದು ತಂತಿ ರಕ್ತನಾಳದ ಒಳಗಿಂದ ಹೃದಯದ ಬಲಭಾಗಕ್ಕೆ ಇಳಿಯುತ್ತೆ. ತಂತಿ ಹೃದಯದೊಳಗೆ ಹೋಗದೆ ಚರ್ಮದಡಿಯಲ್ಲೇ ಇರೋ ಮಾದರಿಯೂ ಬಂದಿದೆ. ಎದೆ ಸೀಳೋದಿಲ್ಲ. ಯಂತ್ರ ಪ್ರತಿ ಬಡಿತವನ್ನೂ ಕೇಳ್ತಾ ಕೂರುತ್ತೆ, ಹಗಲು ರಾತ್ರಿ, ನೀವು ಮಲಗಿದ್ದರೂ. ಬಡಿತ ಹಿಡಿತ ತಪ್ಪಿ ಓಡೋಕೆ ಶುರುವಾದರೆ ಮೊದಲು ಶಾಕ್ ಕೊಡೋದಿಲ್ಲ. ಬೆದರಿ ಓಡೋ ಎತ್ತನ್ನು ಹಿಂದಿನಿಂದ ಎಳೆದರೆ ನಿಲ್ಲುತ್ತಾ? ಅದಕ್ಕಿಂತ ಜೋರಾಗಿ ಓಡಿ ಮುಂದೆ ಹೋಗಿ ಮೂಗುದಾರ ಹಿಡೀಬೇಕು. ಯಂತ್ರ ಮಾಡೋದೂ ಹಾಗೇ. ಹೃದಯಕ್ಕಿಂತ ತುಸು ವೇಗವಾಗಿ ಕೆಲವು ಸಣ್ಣ ತಟ್ಟು ತಟ್ಟಿ ಲಗಾಮು ತನ್ನ ಕೈಗೆ ತಗೊಳ್ಳುತ್ತೆ. ಎಷ್ಟೋ ಸಲ ಅದು ರೋಗಿಗೆ ಗೊತ್ತೂ ಆಗೋದಿಲ್ಲ. ಅದಕ್ಕೂ ಬಗ್ಗದಿದ್ದರೆ, ಅಥವಾ ಹೃದಯ ಪೂರ್ತಿ ನಡುಗೋ ಸ್ಥಿತಿಗೆ ಹೋದರೆ, ಕೆಲವೇ ಸೆಕೆಂಡುಗಳಲ್ಲಿ ತನ್ನನ್ನು ಚಾರ್ಜ್ ಮಾಡಿಕೊಂಡು ಶಾಕ್ ಕೊಡುತ್ತೆ. ಹೊರಗಿನ ಮಷಿನ್ನಿಗೆ 150, 200 ಜೌಲ್ ಬೇಕು. ಇದು ಹೃದಯಕ್ಕೇ ಅಂಟಿಕೊಂಡಿರೋದರಿಂದ 30, 40 ಜೌಲ್ ಸಾಕು.

ಫುಟ್‌ಬಾಲ್ ನೋಡೋ ಹುಡುಗರಿಗೆ ಕ್ರಿಸ್ಟಿಯನ್ ಎರಿಕ್ಸನ್ ಗೊತ್ತು. 2021ರ ಜೂನ್ 12, ಕೋಪನ್‌ಹೇಗನ್, ಯೂರೋ ಕಪ್, ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಪಂದ್ಯ. ಮೈದಾನದಲ್ಲೇ ಹೃದಯ ನಿಂತಿತು, ಅಲ್ಲೇ ಶಾಕ್ ಕೊಟ್ಟು ಉಳಿಸಿದರು. ಆಮೇಲೆ ಐಸಿಡಿ ಕೂರಿಸಿದರು. ಇಟಲಿಯ ನಿಯಮ ಆ ಯಂತ್ರ ಇಟ್ಟುಕೊಂಡು ಆಡೋಕೆ ಬಿಡಲಿಲ್ಲ, ಕ್ಲಬ್ ಬಿಡಬೇಕಾಯಿತು. 2022ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಆಡಿದರು. ಎದೆಯಲ್ಲಿ ಯಂತ್ರ ಇದ್ದರೆ ಮೂಲೆಯಲ್ಲಿ ಕೂರಬೇಕು ಅಂತ ಅಂದುಕೊಂಡವರಿಗೆ ಇದೊಂದು ಉತ್ತರ.

ಹಾಗಾದರೆ ಬದುಕುಳಿದ ಎಲ್ಲರಿಗೂ ಐಸಿಡಿ ಬೇಕಾ? ಇಲ್ಲ. ನಾನು ಈ ವಿಷಯ ಎತ್ತಿಕೊಂಡಿದ್ದೇ ಈ ‘ಇಲ್ಲ’ ಯಾವುದು, ‘ಹೌದು’ ಯಾವುದು ಅಂತ ಹೇಳೋಕೆ. ಎಲ್ಲ ನಿಂತಿರೋದು ಕಾರಣದ ಮೇಲೆ. ಹೊಸದಾಗಿ ದೊಡ್ಡ ಹೃದಯಾಘಾತ ಆಗಿ, ಅದೇ ಗದ್ದಲದಲ್ಲಿ, ಮೊದಲ 48 ಗಂಟೆಯೊಳಗೆ ಹೃದಯ ನಿಂತಿದ್ದರೆ, ಸ್ಟೆಂಟ್ ಹಾಕಿ ನಾಳ ತೆರೆದರೆ ಸಾಮಾನ್ಯವಾಗಿ ಯಂತ್ರ ಬೇಡ. ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರಾಗಿ ನಿಂತಿದ್ದರೆ ಬೇಡ. ಯಾವುದೋ ಔಷಧ ತಾಗದೆ ಆಗಿದ್ದರೆ, ಕರೆಂಟ್ ಹೊಡೆದು ಆಗಿದ್ದರೆ ಬೇಡ. ಕಾರಣ ಹೋಯಿತು, ಅಪಾಯವೂ ಹೋಯಿತು.

ಆದರೆ ಹಳೇ ಹೃದಯಾಘಾತದ ಗಾಯದ ಕಲೆ ಸ್ನಾಯುವಿನಲ್ಲಿ ಉಳಿದು ಅಲ್ಲಿಂದ ಕರೆಂಟು ಕೆಡುತ್ತಿದ್ದರೆ? ಹೃದಯದ ಸ್ನಾಯು ಹುಟ್ಟಿನಿಂದ ದಪ್ಪ ಇದ್ದರೆ? ಬ್ರುಗಾಡ, ಲಾಂಗ್ ಕ್ಯುಟಿ ಅಂತ ಕರೆಯೋ, ವಂಶದಲ್ಲಿ ಹರಿದು ಬರೋ ಕರೆಂಟಿನ ದೋಷ ಇದ್ದರೆ? ಈ ಕಾರಣಗಳು ಡಿಸ್ಚಾರ್ಜ್ ಆದ ದಿನ ಆಸ್ಪತ್ರೆಯಲ್ಲಿ ಉಳಿಯೋದಿಲ್ಲ, ರೋಗಿಯ ಜೊತೆ ಬಸ್ ಹತ್ತಿ ಊರಿಗೆ ಬರ್ತವೆ. ಇವರಿಗೆ ಐಸಿಡಿ ಬೇಕು. ಇದು ಯಾರೋ ಒಬ್ಬ ಡಾಕ್ಟರ ಅಭಿಪ್ರಾಯ ಅಲ್ಲ. 1997ರಲ್ಲಿ ಎವಿಐಡಿ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಹೃದಯ ಸ್ತಂಭನದಿಂದ ಅಥವಾ ಅಂಥದೇ ಪ್ರಾಣಾಂತಿಕ ಲಯದೋಷದಿಂದ ಬದುಕಿದ 1,016 ಜನ. ಅರ್ಧ ಜನಕ್ಕೆ ಯಂತ್ರ, ಅರ್ಧ ಜನಕ್ಕೆ ಲಯ ಸರಿಪಡಿಸೋ ಮಾತ್ರೆ. ಮೂರು ವರ್ಷದ ಮೇಲೆ ಯಂತ್ರದ ಗುಂಪಿನಲ್ಲಿ ನೂರಕ್ಕೆ 75 ಜನ ಬದುಕಿದ್ದರು, ಮಾತ್ರೆಯ ಗುಂಪಿನಲ್ಲಿ 64. ನೂರು ಮನೆಗಳಲ್ಲಿ 11 ಮನೆ. ಸಣ್ಣ ಸಂಖ್ಯೆ ಅನ್ನಿಸಿದರೆ ಆ 11ರಲ್ಲಿ ನಿಮ್ಮ ಮನೆ ಇಟ್ಟು ನೋಡಿ.

ಇನ್ನೊಂದು ಗುಂಪಿದೆ. ಹೃದಯ ಇನ್ನೂ ನಿಂತಿಲ್ಲ, ಆದರೆ ತುಂಬ ದುರ್ಬಲ. ನಮ್ಮ ಕಡೆ ಜನ ಹೇಳ್ತಾರಲ್ಲ, ‘ಪಂಪಿಂಗ್ ಮೂವತ್ತೇ ಪರ್ಸೆಂಟ್ ಐತಂತ್ರೀ’ ಅಂತ. ಎಕೋ ಪರೀಕ್ಷೆಯಲ್ಲಿ ಸಿಗೋ ಅಂಕಿ ಅದು. ಆರೋಗ್ಯವಂತರದ್ದೂ ನೂರು ಇರೋದಿಲ್ಲ. 55, 60 ಇದ್ದರೆ ಚೆನ್ನಾಗಿದೆ ಅಂತಲೇ ಅರ್ಥ, ಸುಮ್ಮನೆ ಗಾಬರಿ ಬೇಡ. 35 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಮಾತ್ರ ಐಸಿಡಿ ಮಾತು ಬರುತ್ತೆ. ಅದೂ ತಕ್ಷಣ ಅಲ್ಲ. ಹೃದಯಾಘಾತ ಆಗಿ ಕನಿಷ್ಠ 40 ದಿನ ಕಾದು, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಮೂರು ತಿಂಗಳು ಕಾದು, ಮಾತ್ರೆ ಸರಿಯಾಗಿ ನುಂಗಿ, ಮತ್ತೆ ಎಕೋ ಮಾಡಿ ನೋಡಬೇಕು. ಎಷ್ಟೋ ಹೃದಯಗಳು ಅಷ್ಟರಲ್ಲಿ ಸುಧಾರಿಸಿಕೊಳ್ತವೆ. ಹೃದಯಾಘಾತ ಆದ ವಾರಕ್ಕೇ ‘ಇವತ್ತೇ ಹಾಕಿಸಿಬಿಡಿ’ ಅಂದರೆ, ಹೃದಯ ಒಮ್ಮೆಯೂ ನಿಂತಿರದ ರೋಗಿಯ ಮನೆಯವರು ಇನ್ನೊಬ್ಬ ಡಾಕ್ಟರ ಹತ್ತಿರ ಕಾಗದ ತೋರಿಸೋದರಲ್ಲಿ ತಪ್ಪಿಲ್ಲ. ಬೇಕಾದವರಿಗೆ ಯಾರೂ ಹೇಳೋದಿಲ್ಲ, ಬೇಡದವರಿಗೆ ಅವಸರ ಮಾಡ್ತಾರೆ. ನನ್ನ ಸಿಟ್ಟು ಎರಡರ ಮೇಲೂ ಇದೆ.

ಯಂತ್ರ ಏನು ಮಾಡೋದಿಲ್ಲ ಅನ್ನೋದೂ ಗೊತ್ತಿರಲಿ. ಇದು ಹೃದಯವನ್ನು ಗುಣ ಮಾಡೋದಿಲ್ಲ. ಪಂಪಿಂಗ್ ಹೆಚ್ಚಿಸೋದಿಲ್ಲ. ಹೃದಯಾಘಾತ ತಡೆಯೋದಿಲ್ಲ. ಕಾವಲುಗಾರ ಅಷ್ಟೇ. ಬಿಪಿ, ಶುಗರ್ ಗುಳಿಗೆ ಬಿಟ್ಟು ‘ಮಷಿನ್ ಐತಲ್ಲ’ ಅಂತ ಕೂರೋ ಹಾಗಿಲ್ಲ.

ದುಡ್ಡಿನ ಮಾತಿಗೆ ಬರೋಣ, ಯಾಕಂದರೆ ಮನೆಯಲ್ಲಿ ಮೊದಲು ಬರೋದು ಅದೇ. ಸ್ಟೆಂಟ್‌ಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಬೆಲೆ ಮಿತಿ ಹಾಕಿತು, ಅದೇ ವರ್ಷ ಮೊಣಕಾಲಿನ ಕೃತಕ ಕೀಲಿಗೂ ಹಾಕಿತು. ಐಸಿಡಿಗೆ ಅಂಥ ಮಿತಿ ಬಂದಿಲ್ಲ. ಯಂತ್ರವೊಂದಕ್ಕೇ ಲಕ್ಷಗಳ ಲೆಕ್ಕ. ಎರಡು ಎಕರೆ ಭತ್ತದ ಗದ್ದೆ ಇಟ್ಟುಕೊಂಡವರು ಎಲ್ಲಿಂದ ತರ್ತಾರೆ? ಬೆಳಗಾವಿಗೆ ಆಸ್ಪತ್ರೆಗಳ ಕೊರತೆ ಇಲ್ಲ. ಸರ್ಕಾರದ ಬಿಮ್ಸ್ ಇದೆ, ಕೆಎಲ್ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆ ಇದೆ, ಜನ ಮಿರಜ, ಹುಬ್ಬಳ್ಳಿ, ಗೋವಾಕ್ಕೂ ಹೋಗ್ತಾರೆ. ಕೊರತೆ ಇರೋದು ಕೇಳೋದರಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರ್ತಾರೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಅವರ ಟೇಬಲ್ಲಿಗೆ ಹೋಗಿ. ಈ ಕಾಯಿಲೆಗೆ, ಈ ಯಂತ್ರಕ್ಕೆ ಎಷ್ಟು ಸಿಗುತ್ತೆ, ಯಾವ ಆಸ್ಪತ್ರೆಯಲ್ಲಿ ಸಿಗುತ್ತೆ ಅಂತ ಬಾಯಿಬಿಟ್ಟು ಕೇಳಿ. ಸಾಲದಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ. ಬಿಲ್ ಕಟ್ಟಿ ಮನೆಗೆ ಹೋದ ಮೇಲೆ ಓಡಾಡೋದಕ್ಕಿಂತ, ಅಡ್ಮಿಟ್ ಆಗಿರುವಾಗಲೇ ಓಡಾಡಿ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದ ಮೇಲೆ ಈ ರಾಜ್ಯ ಹೃದಯದ ಬಗ್ಗೆ ಮಾತಾಡೋಕೆ ಕಲಿಯಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂತು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಆಗಿದ್ದರೆ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡೋ ಯೋಜನೆ. ಒಳ್ಳೇ ಕೆಲಸ, ಎರಡು ಮಾತಿಲ್ಲ. ಆದರೆ ಅದರ ಗುರಿ ಮೊದಲ ಗಂಟೆಗಳು. ಆ ಗಂಟೆ ದಾಟಿ ಬದುಕಿ ಊರು ಸೇರಿದವನ ಮುಂದಿನ ಹತ್ತು ವರ್ಷಕ್ಕೂ ಒಂದು ದಾರಿ ಬೇಕಲ್ವಾ? ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥವರ ಒಂದು ಪಟ್ಟಿ ಇಟ್ಟು, ‘ಕಾರಣ ಸಿಕ್ಕಿತಾ? ಐಸಿಡಿ ಬೇಕು ಅಂದರಾ? ಹಾಕಿಸಿದಿರಾ?’ ಅಂತ ಕೇಳೋಕೆ ಕೋಟಿ ಬೇಕಾಗಿಲ್ಲ. ಒಂದು ನೋಟ್‌ಬುಕ್ ಸಾಕು.

ಯಂತ್ರ ಹಾಕಿಸಿಕೊಂಡವರ ದಿನಚರಿ ಬಗ್ಗೆ ಜನ ಏನೇನೋ ಹೆದರಿಸ್ತಾರೆ. ಟಿವಿ ನೋಡಬಾರದು ಅಂತಾರೆ, ಮಿಕ್ಸರ್ ಮುಟ್ಟಬಾರದು ಅಂತಾರೆ. ಧಾರಾಳವಾಗಿ ನೋಡಿ, ನಾನೇ ಹೇಳ್ತಿದ್ದೀನಿ! ಮಿಕ್ಸರ್, ಫ್ರಿಜ್, ಫ್ಯಾನ್ ಯಾವುದೂ ತೊಂದರೆ ಇಲ್ಲ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಿ. ಮೊಬೈಲ್ ಅಂಗಿಯ ಎಡ ಕಿಸೆಯಲ್ಲಿ ಬೇಡ, ಯಂತ್ರದಿಂದ ಒಂದು ಗೇಣು ದೂರ ಇರಲಿ, ಬಲ ಕಿವಿಗೆ ಹಿಡಿದು ಮಾತಾಡಿ. ಮೊದಲ ಕೆಲವು ವಾರ ಎಡಗೈಯನ್ನು ಭುಜದಿಂದ ಮೇಲೆ ಎತ್ತಬೇಡಿ, ತಂತಿ ಇನ್ನೂ ಕಚ್ಚಿಕೊಂಡಿರೋದಿಲ್ಲ. ಎಂಆರ್‌ಐ ಮಾಡೋ ಮುಂಚೆ ಯಂತ್ರದ ಕಾರ್ಡ್ ತೋರಿಸಿ. ಎಲ್ಲ ಮಾದರಿಗೂ ಆಗೋದಿಲ್ಲ.

ಆದರೆ ನಮ್ಮ ಈ ಸೀಮೆಗೇ ಸೇರಿದ ಕೆಲವು ಸಂಗತಿ ಇವೆ, ಇವನ್ನು ಪರದೇಶದ ಕಂಪನಿಯ ಪುಸ್ತಕ ಒತ್ತಿ ಹೇಳೋದಿಲ್ಲ. ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಅಂದರೆ ಫೌಂಡ್ರಿಗಳ ಊರು. ಕಬ್ಬಿಣ ಕರಗಿಸೋ ಇಂಡಕ್ಷನ್ ಕುಲುಮೆಯ ಸುತ್ತ ಬಲವಾದ ಕಾಂತಕ್ಷೇತ್ರ ಇರುತ್ತೆ. ಅದನ್ನು ಯಂತ್ರ ಹೃದಯದ ಗದ್ದಲ ಅಂತ ತಪ್ಪು ತಿಳಿಯಬಹುದು, ಸುಮ್ಮನಿದ್ದವನಿಗೆ ಶಾಕ್ ಕೊಡಬಹುದು. ಆರ್ಕ್ ವೆಲ್ಡಿಂಗ್ ಮಾಡುವವರಿಗೂ ಅದೇ ಅಪಾಯ. ಕೆಲಸ ಬಿಡಲೇಬೇಕು ಅಂತಲ್ಲ. ಯಾವ ಜಾಗದಲ್ಲಿ ನಿಲ್ಲಬಹುದು, ಯಾವ ಯಂತ್ರದಿಂದ ಎಷ್ಟು ದೂರ ಅಂತ ಡಾಕ್ಟರಿಗೆ ಕೆಲಸದ ವಿವರ ಹೇಳಿ ಕೇಳಬೇಕು. ಮಾಲೀಕರು ಬೇರೆ ಕೆಲಸಕ್ಕೆ ಹಾಕಿದರೆ ಪುಣ್ಯ ಕಟ್ಟಿಕೊಂಡ ಹಾಗೆ. ಖಾನಾಪುರದ ಹೊಲಗಳಲ್ಲಿ ಹಂದಿ, ಆನೆ ಕಾಟಕ್ಕೆ ಸೋಲಾರ್ ಬೇಲಿ ಹಾಕಿರ್ತಾರೆ. ಮಾಮೂಲಿ ಮನುಷ್ಯನಿಗೆ ಚುರುಕ್ ಅಂದು ಬಿಡುತ್ತೆ, ಐಸಿಡಿ ಇದ್ದವರು ಅದನ್ನು ಮುಟ್ಟಲೇಬಾರದು. ಗಣಪತಿ ವಿಸರ್ಜನೆ ಮೆರವಣಿಗೆಯಲ್ಲಿ ಸ್ಪೀಕರ್ ಗೋಡೆಗೆ ಒರಗಿ ನಿಲ್ಲಬೇಡಿ, ಒಳಗೆ ದೊಡ್ಡ ಅಯಸ್ಕಾಂತ ಇರುತ್ತೆ.

ಡ್ರೈವರುಗಳ ವಿಷಯ ಕಷ್ಟದ್ದು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲಿ ಓಡಿಸ್ತಾ ಇದ್ದ ಚಾಲಕ ಸೀಟಿನಲ್ಲೇ ಕುಸಿದು, ಕಂಡಕ್ಟರ್ ಹಾರಿ ಬಂದು ಬಸ್ ನಿಲ್ಲಿಸಿದ ವಿಡಿಯೋ ನೆನಪಿದೆಯಲ್ಲ? ಐಸಿಡಿ ಹಾಕಿಸಿಕೊಂಡವರು ಕೆಲವು ತಿಂಗಳ ಮೇಲೆ, ಡಾಕ್ಟರ್ ಒಪ್ಪಿದರೆ, ಸ್ವಂತ ಗಾಡಿ ಓಡಿಸಬಹುದು. ಬಸ್, ಲಾರಿ ಓಡಿಸೋದು ಬೇಡ ಅಂತಲೇ ಬಹಳ ದೇಶಗಳ ನಿಯಮ. ಅದು ಆ ಮನುಷ್ಯನ ಅನ್ನ. ಅದಕ್ಕೇ ಎಷ್ಟೋ ಜನ ಯಂತ್ರದ ಮಾತನ್ನೇ ಮುಚ್ಚಿಡ್ತಾರೆ, ಅಥವಾ ಹಾಕಿಸಿಕೊಳ್ಳೋದೇ ಇಲ್ಲ. ಸಾರಿಗೆ ಸಂಸ್ಥೆಗಳು ಬೇರೆ ಕೆಲಸದ ಬಾಗಿಲು ತೆರೆದಿಟ್ಟರೆ ಮುಚ್ಚಿಡೋ ಅಗತ್ಯವೇ ಬೀಳೋದಿಲ್ಲ.

ಶಾಕ್ ಹೊಡೆದರೆ ಹೇಗಿರುತ್ತೆ? ಅನುಭವಿಸಿದವರು ಕುದುರೆ ಎದೆಗೆ ಒದ್ದ ಹಾಗೆ ಅಂತಾರೆ. ಆ ಹೊತ್ತಿಗೆ ಪಕ್ಕದಲ್ಲಿ ಮುಟ್ಟಿಕೊಂಡಿದ್ದವರಿಗೆ ಸ್ವಲ್ಪ ಜುಮ್ ಅನ್ನಬಹುದು, ಅಪಾಯ ಇಲ್ಲ, ಹೆಂಡತಿ ಮಕ್ಕಳು ದೂರ ಮಲಗಬೇಕಾಗಿಲ್ಲ. ಒಂದು ಶಾಕ್ ಬಂದು ಆಮೇಲೆ ಆರಾಮ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ದಿನ ಹೋಗಿ. ಒಂದೇ ದಿನ ಎರಡು ಅಥವಾ ಹೆಚ್ಚು ಬಂದರೆ, ಅಥವಾ ಒಂದೇ ಬಂದು ಎದೆನೋವು, ತಲೆಸುತ್ತು ಇದ್ದರೆ, ತಡ ಮಾಡದೆ 108ಕ್ಕೆ ಕರೆ ಮಾಡಿ. ಯಂತ್ರ ಎದೆಯಲ್ಲಿದ್ದೂ ಮನುಷ್ಯ ಬಿದ್ದು ಎಚ್ಚರ ತಪ್ಪಿದ್ದರೆ, ಉಸಿರಿಲ್ಲದಿದ್ದರೆ, ಎದೆ ಒತ್ತಬೇಕು. ಮಷಿನ್ ಒಳಗಿದೆ ಅಂತ ಹಿಂಜರಿಯಬೇಡಿ.

ಇನ್ನು ತಪಾಸಣೆ. ಮೂರರಿಂದ ಆರು ತಿಂಗಳಿಗೊಮ್ಮೆ ಯಂತ್ರದ ಒಳಗಿನ ಲೆಕ್ಕವನ್ನು ಆಸ್ಪತ್ರೆಯಲ್ಲಿ ಓದಿಸಬೇಕು. ಮನೆಯಿಂದಲೇ ಕಳಿಸೋ ಸೌಲಭ್ಯ ಇರೋ ಮಾದರಿಗಳೂ ಇವೆ, ಆದರೆ ಮೊಬೈಲ್ ನೆಟ್‌ವರ್ಕೇ ಸಿಗದ ಕಾಡಿನ ಊರಿನವರಿಗೆ ಅದನ್ನು ಮಾರಿ ಪ್ರಯೋಜನ ಏನು, ಕೊಳ್ಳೋ ಮುಂಚೆ ಕೇಳಿ. ಬ್ಯಾಟರಿ ಏಳರಿಂದ ಹತ್ತು ವರ್ಷ ಬರುತ್ತೆ. ಆಮೇಲೆ ಡಬ್ಬಿ ಬದಲಿಸೋ ಸಣ್ಣ ಆಪರೇಷನ್, ಮತ್ತೆ ಖರ್ಚು. ಸೋಂಕು ಆಗಬಹುದು, ತಂತಿ ಮುರಿಯಬಹುದು, ಬೇಡದ ಶಾಕ್ ಬರಬಹುದು. ಇವನ್ನೆಲ್ಲ ಹೇಳದೆ ಸಹಿ ಹಾಕಿಸಿಕೊಳ್ಳೋದು ಸರಿಯಲ್ಲ.

ವಂಶದ ದೋಷ ಅಂತ ಗೊತ್ತಾದರೆ ವಿಷಯ ಒಬ್ಬರಲ್ಲಿ ಮುಗಿಯೋದಿಲ್ಲ. ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರದ್ದೂ ಇಸಿಜಿ, ಎಕೋ ಆಗಬೇಕು. 2025ರ ಬೇಸಿಗೆ ಮುಗಿದು ಮಳೆ ಹಿಡಿದ ಹೊತ್ತಿಗೆ ಹಾಸನದಲ್ಲಿ ಸಾಲು ಸಾಲು ಹಠಾತ್ ಸಾವಾದಾಗ ಎಲ್ಲರೂ ಗಾಬರಿಬಿದ್ದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳ ವರದಿ ಆಗಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಮನೆಯವರಿಗೆ ಅದು ಕಹಿ. ಆದರೆ ಸತ್ತವನ ತಮ್ಮನಿಗೆ ಐಸಿಡಿ ಬೇಕಾ ಬೇಡವಾ ಅನ್ನೋ ಪ್ರಶ್ನೆಗೆ ಮೊದಲ ಸುಳಿವು ಆ ಕಾಗದದಲ್ಲೇ ಇರಬಹುದು.

ಕೊನೆಯದಾಗಿ, ಯಾರೂ ಟಿವಿಯಲ್ಲಿ ಹೇಳದ ಮಾತು. ಯಂತ್ರ ಇದ್ದವರು ಮುಂದೆ ಕ್ಯಾನ್ಸರೋ ಇನ್ನೊಂದೋ ಆಗಿ ಕೊನೆಯ ದಿನಗಳಲ್ಲಿ ಮಲಗಿದ್ದರೆ, ಶಾಕ್ ಕೊಡೋ ಭಾಗವನ್ನು ಆಪರೇಷನ್ ಇಲ್ಲದೆ ಬಂದ್ ಮಾಡಿಸಬಹುದು. ನೆಮ್ಮದಿಯಾಗಿ ಹೋಗೋ ಜೀವಕ್ಕೆ ಮೇಲಿಂದ ಮೇಲೆ ಶಾಕ್ ಬೇಡ. ಹೋದ ಮೇಲೆ ದಹನ ಮಾಡುವುದಾದರೆ ಯಂತ್ರವನ್ನು ಮೊದಲು ತೆಗೆಸಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತೆ. ಹೀಗೆ ತೆಗೆದ ಯಂತ್ರದಲ್ಲಿ ಎಷ್ಟೋ ಸಲ ಇನ್ನೂ ವರ್ಷಗಟ್ಟಲೆ ಬ್ಯಾಟರಿ ಉಳಿದಿರುತ್ತೆ. ಅಮೆರಿಕದಲ್ಲಿ ತೀರಿಕೊಂಡವರಿಂದ ತೆಗೆದ ಅಂಥ ಐಸಿಡಿಗಳನ್ನು ಶುದ್ಧಮಾಡಿ ಮುಂಬೈನ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ, ಹೊಸದನ್ನು ಕೊಳ್ಳೋ ಶಕ್ತಿ ಇಲ್ಲದ 81 ಬಡ ರೋಗಿಗಳಿಗೆ ಹಾಕಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಬ್ಬರಿಗೂ ಅದರಿಂದ ಸೋಂಕು ಆಗಿರಲಿಲ್ಲ, ಮತ್ತು ಅರ್ಧಕ್ಕಿಂತ ಹೆಚ್ಚು ಜನರ ಎದೆಯಲ್ಲಿ ಆ ಹಳೇ ಯಂತ್ರ ಎಚ್ಚೆತ್ತು ತನ್ನ ಕೆಲಸ ಮಾಡಿತ್ತು.